ಗಂಡಿಲ್ಲದ ಹೆಬ್ಬಾವಿನ ಬಾಣಂತನ

ಹೆಬ್ಬಾವನ್ನು ಸಾಕಲು ತಿಂಗಳಿಗೆ ತಗಲುತ್ತಿದ್ದುದು ಎರಡು ಮೊಲ, ಒಂದು ತೊಟ್ಟಿ ನೀರು, ಬೆಚ್ಚಗಿಡುವ ಒಂದು ದೀಪದ ಕರೆಂಟು. ಅದೇ ಮೃಗಾಲಯದ ಮ್ಯಾನೇಜರರನ್ನು ಸಾಕಲು ದಿನಕ್ಕೆ ಆರು ಕಪ್ ಕಾಫಿ, ಎರಡು ಫ್ಯಾನು, ಒಂದು ಕಾರು, ಅದಕ್ಕೊಬ್ಬ ಡ್ರೈವರು. ಹೆಬ್ಬಾವನ್ನು ಜನ ಟಿಕೆಟ್ ಕೊಂಡು ನೋಡುತ್ತಿದ್ದರು. ಮ್ಯಾನೇಜರರನ್ನು ಬಿಟ್ಟಿ ತೋರಿಸಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹಾವಿನ ಮನೆ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಹಾವಣ್ಣ ಎನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಒಂದೂವರೆ ಮೊಳದ ಮರಿಯಾಗಿ ಬಂದಿದ್ದ ಹೆಬ್ಬಾವು ಅವನ ಕೈಯಲ್ಲೇ ಹದಿನೈದು ಅಡಿ ಬೆಳೆದಿತ್ತು. ಅಷ್ಟು ವರ್ಷದಲ್ಲಿ ಇನ್ನೊಂದು ಹಾವಿನ ಮುಖವನ್ನೇ ಕಂಡಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಅದು ಸುರುಳಿ ಸುತ್ತಿ ಕೂತಿತ್ತು. ಸುರುಳಿಯ ನಡುವೆ ಮೂವತ್ತನಾಲ್ಕು ಮೊಟ್ಟೆ.

ಮ್ಯಾನೇಜರರು ಗಾಜಿಗೆ ಮೂಗೊತ್ತಿ ನೋಡಿದರು.

"ಅಪ್ಪ ಯಾರು?"

"ಯಾರೂ ಇಲ್ಲ ಸರ್. ಕೋಳಿನೂ ಹುಂಜ ಇಲ್ದೆ ಮೊಟ್ಟೆ ಇಡುತ್ತಲ್ಲ," ಎಂದ ಹಾವಣ್ಣ.

ಅಷ್ಟರಲ್ಲಿ ಮೃಗಾಲಯದ ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮ ಒಂದು ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದಿದ್ದರು. ಒಳಗೆ ಕೆಂಪು ನರಗಳು ಕವಲೊಡೆದಿದ್ದವು. ಮರಿ ಇತ್ತು. ಕೋಳಿಯ ವಾದ ಅಲ್ಲಿಗೆ ಬಿದ್ದುಹೋಯಿತು.

"ಹಾವುಗಳಲ್ಲಿ ಅಪರೂಪಕ್ಕೆ ಹೀಗಾಗುತ್ತೆ ಸರ್. ಗಂಡೇ ಇಲ್ದೆ ಮರಿ ಮಾಡ್ತವೆ," ಎಂದರು ಡಾಕ್ಟರಮ್ಮ.

"ನನ್ನ ಕಿವಿಗೆ ಹೂ ಇಡಬೇಡಿ. ಇವನ ಭಾವಮೈದ ಸಾಕುಪ್ರಾಣಿ ಅಂಗಡಿ ಇಟ್ಟಿದಾನೆ. ಗಂಡು ಹಾವನ್ನ ಅಲ್ಲಿಂದ ತಂದು ಬಿಟ್ಟಿದಾನೆ, ಮರಿ ಮಾರೋಕೆ. ನೋಡಿ, ಹಾವೇ ತಪ್ಪಿತಸ್ಥರ ಹಾಗೆ ನಡುಗ್ತಾ ಇದೆ!"

"ಅದು ಮೊಟ್ಟೆಗೆ ಕಾವು ಕೊಡೋಕೆ ನಡುಗ್ತಿದೆ ಸರ್. ಮೈ ನಡುಗಿಸಿದ್ರೆ ಬಿಸಿ ಹುಟ್ಟುತ್ತೆ," ಎಂದ ಹಾವಣ್ಣ. "ಭಯಕ್ಕೆ ನಡುಗ್ತಿರೋದು ನಾನು."

ನಡುಗಲು ಕಾರಣವಿತ್ತು. ಅವನ ಮನೆ ಮೃಗಾಲಯದ ಕಾಂಪೌಂಡಿನೊಳಗೇ ಇತ್ತು. ಕೆಲಸ ಹೋದರೆ ಮನೆಯನ್ನೂ ಖಾಲಿ ಮಾಡಬೇಕು. ಅಂದೇ ಅಮಾನತಿನ ಕಾಗದ ಕೈಗೆ ಬಂತು. ಒಂಬತ್ತು ದಿನದ ಮೇಲೆ ವಿಚಾರಣೆ. ಒಂದು ಹಾವಿನ ನಡತೆಯ ಬಗ್ಗೆ ಇಷ್ಟು ಕಾಳಜಿ ವಹಿಸಿದ ಕಚೇರಿ ಬೇರೆಲ್ಲೂ ಇರಲಾರದು.

ಹೆಂಡತಿ ಕಾಗದವನ್ನು ಎರಡು ಸಲ ಓದಿದಳು.

"ರೀ, ಹಾವಿನ ಕೋಣೆಗೆ ಎರಡು ಬೀಗ ಅಲ್ವಾ? ಎರಡನೇ ಕೀ ಎಲ್ಲಿರುತ್ತೆ?"

ಅದು ಮ್ಯಾನೇಜರರ ಬೆಲ್ಟಿನಲ್ಲಿರುತ್ತಿತ್ತು. ಹಾವು ಬಂದ ವರ್ಷ ಒಂದು ಪ್ಲಾಸ್ಟಿಕ್ ಬಕೆಟ್ ಕಳುವಾದಾಗ ಅವರೇ ಮಾಡಿದ ನಿಯಮ. ಮೊಲ ಹಾಕಲಿ, ನೀರು ಬದಲಿಸಲಿ, ಅವರೇ ಬಂದು ಬೀಗ ತೆಗೆಯಬೇಕು, ಮುಗಿಯುವ ತನಕ ನಿಂತು ನೋಡಬೇಕು, ಪುಸ್ತಕದಲ್ಲಿ ಸಹಿ ಹಾಕಬೇಕು. ರಜೆಗೂ ಕೀ ಬಿಟ್ಟು ಹೋದವರಲ್ಲ. ಬಕೆಟ್ ಸಿಗಲಿಲ್ಲ, ನಿಯಮ ಉಳಿದುಕೊಂಡಿತ್ತು.

"ಹಾಗಂದ್ರೆ ಅವರ ಮೇಲೇ ಗೂಬೆ ಕೂರಿಸಿದ ಹಾಗಾಗುತ್ತೆ ಕಣೇ."

"ನೀವ್ಯಾಕೆ ಹೇಳ್ತೀರಿ? ಅವರ ಕೈಲೇ ಓದಿಸಿ."

ವಿಚಾರಣೆಯ ದಿನ ಹಾವಣ್ಣ ಹನ್ನೊಂದು ವರ್ಷದ ಸಹಿ ಪುಸ್ತಕಗಳನ್ನು ಎರಡು ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟ.

"ಸರ್, ಗಂಡು ಬಂದಿದ್ರೆ ಬಾಗಿಲಿಂದಲೇ ಬಂದಿರಬೇಕು. ಬಾಗಿಲು ತೆಗೆದಾಗೆಲ್ಲ ನೀವೇ ನಿಂತು ನೋಡಿ ಸಹಿ ಹಾಕಿದೀರಿ. ಯಾವ ದಿನ ಬಂತು ಅಂತ ತೋರಿಸ್ಬಿಡಿ, ನಾನು ಒಪ್ಕೋತೀನಿ."

ಮ್ಯಾನೇಜರರು ಹಾಳೆ ತಿರುಗಿಸಿದರು. ಎಲ್ಲ ಹಾಳೆಯಲ್ಲೂ ಅವರದೇ ಸಹಿ, ಅಡಿಯಲ್ಲಿ ಎರಡೆರಡು ಗೆರೆ. ಮೂರನೇ ಪುಸ್ತಕದ ಹೊತ್ತಿಗೆ ಅವರ ಕೈ ಬೆಲ್ಟಿನ ಕೀಯನ್ನು ಮುಚ್ಚಿಕೊಂಡಿತು.

"ಡಾಕ್ಟರಮ್ಮ," ಎಂದರು ಮೆಲ್ಲಗೆ, "ಆ ಗಂಡಿಲ್ಲದ ವಿಷಯ ಏನೋ ಹೇಳ್ತಿದ್ರಲ್ಲ... ಅದು ವಿಜ್ಞಾನವೇ ತಾನೇ?"

"ಹೌದು ಸರ್. ಒಂಬತ್ತು ದಿನದ ಹಿಂದೆಯೂ ವಿಜ್ಞಾನವೇ ಆಗಿತ್ತು."

ಅಂದು ಸಂಜೆಯೊಳಗೆ ಮ್ಯಾನೇಜರರು ವಿಜ್ಞಾನದ ಪರಮ ಭಕ್ತರಾದರು. ವಾರದೊಳಗೆ ಹಾವಿನ ಮನೆಯ ಮುಂದೆ ಫಲಕ ಬಂತು: "ಮ್ಯಾನೇಜರರ ನೇರ ಉಸ್ತುವಾರಿಯಲ್ಲಿ, ಗಂಡಿಲ್ಲದೆ ಮರಿ." ಬರೆಸಿದವರೂ ಅವರೇ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೂ ಅವರೇ.

ಮೂವತ್ತನಾಲ್ಕರಲ್ಲಿ ಮೂರು ಮೊಟ್ಟೆ ಒಡೆದವು, ಉಳಿದವು ಕೊಳೆತವು. ಹುಟ್ಟಿದ ಮೂರೂ ಹೆಣ್ಣು. ಎರಡೂವರೆ ತಿಂಗಳು ಏನೂ ತಿನ್ನದೆ ಕಾವು ಕೂತ ತಾಯಿ ಐದು ಕಿಲೋ ಇಳಿದಿತ್ತು. ಹಾವಣ್ಣನಿಗೆ ಕೆಲಸ ಉಳಿಯಿತು, ಮನೆ ಉಳಿಯಿತು. ಅಮಾನತಿನ ಒಂಬತ್ತು ದಿನದ ಸಂಬಳ ಮಾತ್ರ ಕೊಡಲಿಲ್ಲ.