ಪಕ್ಕದ ಜಾಗ

ಪಾದ್ರಿ ಒಳಗೆ ಬಂದಾಗ ಬಡಗಿ ತನ್ನದೇ ಶವಪೆಟ್ಟಿಗೆಯಲ್ಲಿ ಮಲಗಿ ಭುಜದ ಅಳತೆ ನೋಡುತ್ತಿದ್ದ. ಮಟಮಟ ಮಧ್ಯಾಹ್ನ. ಆದರೂ ಪಾದ್ರಿ ಒಂದು ಹೆಜ್ಜೆ ಹಿಂದೆ ಸರಿದ.

"ಹೆದರ್ಕೋಬೇಡಿ ಅಯ್ಯನವರೇ, ಇನ್ನೂ ಇದೀನಿ," ಎಂದು ಬಡಗಿ ಎದ್ದು ಕೂತು ಮೈಮೇಲಿನ ಮರದ ಪುಡಿ ಕೊಡವಿಕೊಂಡ. ಊರಿನ ಸತ್ತವರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟವನು; ಈಗ ಎದೆಯ ರೋಗ ಅವನನ್ನೇ ಹಿಡಿದಿತ್ತು.

ಅವನಿಗೆ ಬೇಕಾಗಿದ್ದುದು ಒಂದೇ, ಹೋದ ವರ್ಷ ತೀರಿಕೊಂಡ ಹೆಂಡತಿಯ ಪಕ್ಕದ ಜಾಗ. ಅದು ಚರ್ಚಿನ ಸ್ಮಶಾನ. ವಿಶ್ವಾಸವನ್ನು ಬಾಯಿಬಿಟ್ಟು ಒಪ್ಪಿಕೊಂಡವರಿಗೆ ಮಾತ್ರ ಅಲ್ಲಿ ಮಣ್ಣು. ಈ ಪುಣ್ಯಾತ್ಮನೋ, ಜೀವಮಾನವಿಡೀ ಹೆಂಡತಿಯನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು ವಾಪಸು ಬಂದ ಆಸಾಮಿ.

ಪಾದ್ರಿ ಸ್ಟೂಲು ಎಳೆದುಕೊಂಡ. "ಮಂಡಿ ಊರಬೇಕಾ, ಯಾವ ಹಾಡು ಹಾಡಬೇಕು, ಇದಕ್ಕೆಲ್ಲ ನಾನು ತಲೆ ಕೆಡಿಸ್ಕೊಳ್ಳಲ್ಲ ಮೇಸ್ತ್ರಿ. ಆದ್ರೆ ಕೆಲವನ್ನ ತೆಗೆದ್ರೆ ನಂಬಿಕೆ ಅನ್ನೋದೇ ಉಳಿಯಲ್ಲ. ಅಷ್ಟು ಒಪ್ಪಿ, ಸಾಕು. ತಂದೆ, ಮಗ, ಪವಿತ್ರಾತ್ಮ, ಒಬ್ಬನೇ ದೇವರು?"

"ಒಪ್ದೆ. ನನ್ನ ತಲೆಗೆ ಹತ್ತಲ್ಲ. ದೇವರು ಹತ್ತದೇ ಇರೋದೇ ವಾಸಿ."

"ಆ ಮಗ ಮನುಷ್ಯನಾಗಿ ಹುಟ್ಟಿ ನಮ್ಮ ಪಾಪಕ್ಕಾಗಿ ಸತ್ತ?"

"ಹೂಂ. ಅವನೂ ಮರಗೆಲಸದೋನೇ ಅಲ್ವಾ, ಪಾಪ."

"ಮೂರನೇ ದಿನ ಮೈಸಮೇತ ಎದ್ದ. ನಾವೂ ಹಾಗೇ ಏಳ್ತೀವಿ."

ಬಡಗಿ ತಲೆಯಾಡಿಸಿದ. "ಅದೊಂದು ಬಿಟ್ಬಿಡಿ. ಎಷ್ಟು ಜನರನ್ನ ಮುಚ್ಚಿದೀನಿ ಈ ಕೈಯಾರೆ! ಸತ್ತೋರು ಸತ್ತೋರೇ. ಸುಳ್ಳು ಹೇಳಿ ಅವಳ ಪಕ್ಕ ಮಲಗೋಕೆ ನನಗೆ ಆಗಲ್ಲ."

ಪಾದ್ರಿಗೆ ನಿಜಕ್ಕೂ ಸಂಕಟವಾಯಿತು. "ಅದನ್ನೇ ಬಿಟ್ರೆ ಮಿಕ್ಕಿದ್ದೆಲ್ಲ ಬರೀ ಬಾಯಿಮಾತು, ಮೇಸ್ತ್ರಿ. ಜಾಗ ಕೊಡೋಕಾಗಲ್ಲ."

ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದಳು ಬಡಗಿಯ ನಾದಿನಿ, ಸತ್ತವಳ ತಂಗಿ. "ಭಾವ, ಕೇಳಬೇಕು ಅಂತಲೇ ಇದ್ದೆ. ಅಕ್ಕನ ಪೆಟ್ಟಿಗೆ ಮುಚ್ಚುವಾಗ ನಾನು ಈ ಬಾಗಿಲಾಚೆನೇ ಇದ್ದೆ. ಮೊಳೆ ಹೊಡೆಯೋ ಸದ್ದೇ ಕೇಳಲಿಲ್ಲ."

ಬಡಗಿ ಅಂಗೈ ತಿಕ್ಕಿಕೊಂಡ. "ಹೊಡೀಲಿಲ್ಲ."

"ಮರೆತ್ರಾ?"

"ಕೆಲಸ ಮರೆಯೋನಾ ನಾನು? ಮೊಳೆ ತಲೆಗಳನ್ನ ಮಾತ್ರ ಕತ್ತರಿಸಿ ಅಂಟಿಸಿದೆ, ನೋಡೋರಿಗೆ ಇರಲಿ ಅಂತ." ಅವನ ದನಿ ಇಳಿಯಿತು. "ಅವಳ ಕೈಲಿ ಶಕ್ತಿ ಎಲ್ಲಿತ್ತು ಅಯ್ಯನವರೇ? ಕೊನೆಕೊನೆಗೆ ಲೋಟ ಎತ್ತೋಕೂ ಆಗ್ತಿರ್ಲಿಲ್ಲ. ಅಷ್ಟು ಮೊಳೆ ಹೊಡೆದ ಮುಚ್ಚಳಾನ ಒಳಗಿಂದ ಹೇಗೆ ತಳ್ತಾಳೆ?"

ಸತ್ತವರು ಏಳುತ್ತಾರೆಂದು ಪಾದ್ರಿ ವಾರವಾರವೂ ಬೋಧಿಸಿದ್ದ. ಮುಚ್ಚಳವನ್ನು ಒಳಗಿನಿಂದ ತಳ್ಳುವ ಒಂದು ಕೈಯನ್ನು ಮಾತ್ರ ಎಂದೂ ನೆನೆದಿರಲಿಲ್ಲ.

"ಜಾಗ ನಿಮ್ಮದೇ," ಎಂದು ಹೇಳಿ ಎದ್ದ.

ಮನೆಗೆ ಹೋಗುವ ದಾರಿ ಸ್ಮಶಾನದ ನಡುವೆಯೇ. ಬಿಸಿಲು ರಾಚುತ್ತಿತ್ತು, ಒಂದು ಹಕ್ಕಿಯ ದನಿಯೂ ಇಲ್ಲ. ಬಡಗಿಯ ಹೆಂಡತಿಯ ಸಮಾಧಿಯ ಮೇಲೆ ಮಣ್ಣು ತುಂಬಿದ ಭಾರದ ಹೂಕುಂಡವೊಂದಿತ್ತು. ಪಾದ್ರಿ ಆಚೀಚೆ ನೋಡಿದ. ಆಮೇಲೆ ಬಗ್ಗಿ, ಸದ್ದಾಗದಂತೆ ಅದನ್ನು ಎತ್ತಿ ಪಕ್ಕಕ್ಕಿಟ್ಟ.