ನಮ್ಮ ವ್ಯಾನಿಗೆ ಕೊಂಡಿ ಹಾಕಿದ್ದು

ಪಕ್ಕದ ತೋಟದ ಯಜಮಾನ ಬೇಲಿಯಾಚೆ ನಿಂತು, ನಾಳೆ ಬೆಳಿಗ್ಗೆ ಮರಗಳಿಗೆ ಔಷಧಿ ಹೊಡೆಸುತ್ತೇನೆ ಎಂದು ಹೇಳಿ ಹೋದ. ಅಕ್ಕನ ಜೇನುಪೆಟ್ಟಿಗೆಗಳು ಬೇಲಿಯ ಈಚೆಗೇ ಇದ್ದವು. ಆ ವಿಷ ಗಾಳಿಯಲ್ಲಿ ತೇಲಿ ಬಂದರೆ ಒಂದು ಹುಳವೂ ಉಳಿಯುವುದಿಲ್ಲ. ಸಂಜೆ ಹುಳಗಳು ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಬಡಿದು, ಹೊಳೆಯಾಚೆ ಇದ್ದ ಅವಳ ಗೆಳತಿಯ ಹೊಲಕ್ಕೆ ಸಾಗಿಸಬೇಕು. ನಮ್ಮ ವ್ಯಾನಿನೊಳಗಿನ ಪೆಟ್ರೋಲ್ ವಾಸನೆಗೆ ಮನುಷ್ಯರೇ ತಲೆ ತಿರುಗಿ ಬೀಳುತ್ತಿದ್ದರು, ಇನ್ನು ಹುಳಗಳ ಪಾಡೇನು? ಬಡಗಿಯಿಂದ ಟ್ರೇಲರ್ ಎರವಲು ಸಿಕ್ಕಿತು. ಅದನ್ನು ಎಳೆಯುವ ಕೊಂಡಿ ವ್ಯಾನಿಗಿರಲಿಲ್ಲ.

“ಅಷ್ಟೇ ತಾನೆ? ಊಟದ ಹೊತ್ತಿಗೆ ಹಾಕಿಬಿಡ್ತೀನಿ. ಆಮೇಲೆ ಬೇಕಿದ್ರೆ ಈ ಮನೇನೇ ಎಳ್ಕೊಂಡು ಹೋಗು,” ಎಂದೆ.

“ಹೋದ ಸಲ ನಲ್ಲಿ ರಿಪೇರಿ ಮಾಡ್ತೀನಿ ಅಂತ ಹೋಗಿ ಇಡೀ ಬೀದಿಗೆ ನೀರು ನಿಲ್ಲಿಸಿದ್ಯಲ್ಲೋ,” ಎಂದಳು ಅಕ್ಕ.

“ಸೋರೋದು ನಿಲ್ತೋ ಇಲ್ವೋ?”

ವ್ಯಾನಿನ ವಯಸ್ಸು ಯಾರಿಗೂ ಗೊತ್ತಿಲ್ಲ. ಚಕ್ರ ಕಂಡುಹಿಡಿದವನು ಮೊದಲ ನಾಲ್ಕನ್ನು ಇದಕ್ಕೇ ಹಾಕಿದನೆಂದು ನನ್ನ ನಂಬಿಕೆ. ಮುಂದಿನ ಎರಡೂ ಬಾಗಿಲುಗಳು ತುಕ್ಕು ಹಿಡಿದು ಮೈಗೆ ಅಂಟಿಕೊಂಡಿದ್ದವು. ಕಿಟಕಿಯ ಗಾಜು ನಾಲ್ಕು ಬೆರಳು ಇಳಿದು ಹಟ ಹಿಡಿಯುತ್ತಿತ್ತು. ಹಿಂದಿನ ಬಾಗಿಲೊಂದೇ ಹಲಗೆಯಂತೆ ಕೆಳಕ್ಕೆ ತೆರೆಯುತ್ತಿದ್ದುದು. ಅದರ ಮೇಲೆ ಮಂಡಿಯೂರಿ, ಒಳಗೆ ತೆವಳಿ, ಸೀಟು ಹತ್ತಿ ಇಳಿದು ಸ್ಟಿಯರಿಂಗ್ ಹಿಡಿಯುವುದು ಮನೆಯ ರೂಢಿ. ಎಂಥ ರೂಢಿಯೆಂದರೆ, ಬೇರೆಯವರ ಕಾರು ಬಂದರೂ ನಾವು ಡಿಕ್ಕಿಯ ಬಳಿ ಸಾಲಾಗಿ ನಿಲ್ಲುತ್ತಿದ್ದೆವು.

ಅಳತೆಯ ಕೆಲಸ ಭಾವನದು. ಭಾವ ದರ್ಜಿ, ಕೊರಳಿಗೆ ಟೇಪು ಹಾಕಿಕೊಂಡೇ ಹುಟ್ಟಿದವರು.

“ಬಾಗಿಲು ಮುಚ್ಚು. ಅಳತೆ ಕೊಡೋವಾಗ ನೆಟ್ಟಗೆ ನಿಲ್ಲಬೇಕು,” ಎಂದರು.

“ಇದೇನು ಮದುಮಗನಾ ಭಾವಾ?”

“ನನ್ನ ಟೇಪಿಗೆ ಮದುಮಗನೂ ಒಂದೇ, ಗುಜರಿ ಗಾಡೀನೂ ಒಂದೇ. ಕೈ ತೆಗಿ.”

ನಾನು ವ್ಯಾನಿನಡಿ ಅಂಗಾತ ಮಲಗಿದೆ. ಚಾಸಿಯಿಂದ ನಾನು ಕೆರೆದ ತುಕ್ಕಿನಲ್ಲಿ ಇನ್ನೊಂದು ವ್ಯಾನು ಮಾಡಬಹುದಿತ್ತು. ಡ್ರಿಲ್ಲಿನ ಕಿರುಚಾಟಕ್ಕೆ ನಾಯಿಗಳೆಲ್ಲ ಊರು ಬಿಟ್ಟವು. ಕೊಂಡಿಯ ಪಟ್ಟಿಯನ್ನು ಚಾಸಿಗೆ ಒತ್ತಿ, ಬೋಲ್ಟು ತೂರಿಸಿ, ವಾಷರ್ ಹಾಕಿ ನಟ್ಟು ಬಿಗಿದೆ. ನಾನು ಬಿಗಿದದ್ದನ್ನು ಭಾವ ಮತ್ತೆ ಬಿಗಿದರು. ಅವರು ಬಿಗಿದದ್ದನ್ನು ನಾನು.

“ಭಾವಾ, ಇದು ಬಟ್ಟೆ ಅಲ್ಲ, ಮಡಚಿ ಹೊಲಿಯೋಕೆ.”

“ಭಾವಮೈದ, ಇದು ಬಾಯಿ ಅಲ್ಲ, ಸುಮ್ನೆ ಆಡಿಸೋಕೆ.”

ಊಟದ ಹೊತ್ತು ಹೋಗಿ ಕಾಫಿಯ ಹೊತ್ತೂ ಹೋಗಿತ್ತು. ಕೊಂಡಿಯ ಗುಂಡಿನ ಮೇಲೆ ಟ್ರೇಲರಿನ ಕತ್ತು ಕೂರಿಸಿ ಇಬ್ಬರೂ ಹತ್ತಿ ಕುಣಿದೆವು. ಭೂಮಿ ಅಲುಗಿತು, ಕೊಂಡಿ ಅಲುಗಲಿಲ್ಲ. ಹೊತ್ತು ಇಳಿಯುತ್ತಲೇ ಅಕ್ಕ ಪೆಟ್ಟಿಗೆಗಳಿಗೆ ಜಾಲರಿ ಬಡಿದು, ಟ್ರೇಲರಿನಲ್ಲಿ ಪೇರಿಸಿ ಹಗ್ಗ ಬಿಗಿದಳು. ಆಮೇಲೆ ವ್ಯಾನಿನ ಹಿಂದಿನ ಬಾಗಿಲು ಎಳೆದಳು.

ಟಣ್.

ಬಾಗಿಲು ಒಂದು ಗೇಣು ಇಳಿದು ಟ್ರೇಲರಿನ ಕತ್ತಿನ ಮೇಲೆ ಕೂತುಬಿಟ್ಟಿತು.

“ರೀ, ಬಾಗಿಲು ತೆಗೆದು ಅಳತೆ ನೋಡಿದ್ರಾ?”

“ಮುಚ್ಚಿದಾಗ ನೋಡೇ, ಕೂದಲೆಳೆ ಆಚೀಚೆ ಇಲ್ಲ,” ಎಂದರು ಭಾವ.

“ನೀವು ಹೊಲಿಯೋ ಪ್ಯಾಂಟಿನ ಹಾಗೇ. ನಿಂತಿರೋವರೆಗೂ ಚೆಂದ.”

ಕೊಂಡಿಯನ್ನು ಕೆಳಗಿಳಿಸೋಣವೆಂದು ಸ್ಪ್ಯಾನರ್ ಹಾಕಿದೆ. ನಾವಿಬ್ಬರೂ ಸರದಿಯ ಮೇಲೆ ಬಿಗಿದ ನಟ್ಟುಗಳು ಜಪ್ಪಯ್ಯ ಅನ್ನಲಿಲ್ಲ. ಅಕ್ಕ ಆಕಾಶ ನೋಡಿದಳು.

“ಟ್ರೇಲರ್ ಬಿಚ್ಚೋಣ. ಓಡಿಸೋರು ಒಳಗೆ ಹೋಗಲಿ, ಬಾಗಿಲು ಹಾಕಿ ಮತ್ತೆ ಸಿಕ್ಕಿಸ್ತೀನಿ. ಅಲ್ಲಿ ನಾನು ಬಿಚ್ಚೋವರೆಗೂ ಅವರು ಆಚೆ ಬರೋ ಹಾಗಿಲ್ಲ. ಇನ್ನೊಬ್ಬರು ನನ್ನ ಜೊತೆ ಟ್ರೇಲರಲ್ಲಿ ಕೂತು ಪೆಟ್ಟಿಗೆ ಹಿಡ್ಕೋಬೇಕು.”

ಪೆಟ್ಟಿಗೆಗಳು ಗುಂಯ್ ಎಂದವು. ನಾನು ಹುಲಿಗೆ ಹೆದರುವವನಲ್ಲ. ಎದುರಿಗೆ ಬಂದರೆ ಕ್ಷೇಮಸಮಾಚಾರ ಕೇಳಿ ಕಳಿಸುವವನು. ಆದರೆ ಹುಲಿ ಒಂದೊಂದಾಗಿ ಬರುತ್ತದೆ. ಟ್ರೇಲರ್ ಬಿಚ್ಚಿದ್ದೇ ತಡ, ನಾನು ಒಳಗಿದ್ದೆ. ಭಾವ ನನಗಿಂತ ಮೊದಲೇ ಒಳಗಿದ್ದರು.

“ದಾರಿ ತೋರಿಸೋಕೆ ಒಬ್ಬರು ಬೇಕಲ್ಲ ಅಕ್ಕಾ,” ಎಂದೆ.

“ನಿಮ್ಮ ಭಾವ ಹುಟ್ಟಿದ್ದೇ ಆ ದಾರಿಯಲ್ಲಿ ಕಣೋ,” ಎಂದು ಅವಳು ಬಾಗಿಲು ಹಾಕಿದಳು. ಕೊಂಡಿ ಸಿಕ್ಕಿಸಿ, ತಗಡಿಗೆ ಎರಡು ಸಲ ಬಡಿದಳು.

ಆಮೆಗಳು ನಮ್ಮನ್ನು ದಾಟಿ ಹೋದವು. ಹಿಂದಿನ ಗಾಜಿನಲ್ಲಿ ಅಕ್ಕ ಪೆಟ್ಟಿಗೆಗಳನ್ನು ತಬ್ಬಿ ಕೂತಿದ್ದು ಕಾಣುತ್ತಿತ್ತು. ಪ್ರತಿ ಹಳ್ಳಕ್ಕೂ ಅವಳ ಕೆನ್ನೆ ಒಂದು ಪೆಟ್ಟಿಗೆಗೆ ಒತ್ತುತ್ತಿತ್ತು. ಭಾವ ತುಟಿ ಕಚ್ಚಿ, ಮೊಟ್ಟೆಯ ಮೇಲೆ ಓಡಿಸುವಂತೆ ಓಡಿಸಿದರು.

ಹೊಲದಲ್ಲಿ ಅಕ್ಕನೂ ಗೆಳತಿಯೂ ಒಂದೊಂದೇ ಪೆಟ್ಟಿಗೆ ಇಳಿಸಿ ಸಾಲಾಗಿಟ್ಟರು. ಜಾಲರಿ ಕಿತ್ತು, ಅಕ್ಕ ಒಂದೊಂದಕ್ಕೂ ಕಿವಿಯಿಟ್ಟಳು. ಕೊನೆಯದರ ಬಳಿ ಅವಳು ಏಳಲೇ ಇಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಳು. ಮತ್ತೆ ಕಿವಿಯಿಟ್ಟಳು.

ಭಾವ ಎಂಜಿನ್ ಆರಿಸಿದರು. ಕಿಟಕಿಯ ನಾಲ್ಕು ಬೆರಳ ಸಂದಿಗೆ ಬಾಯಿ ಕೊಟ್ಟು ಕೇಳಿದರು: “ಇದಾವೇನೇ?”

ಅಕ್ಕ ಸುಮ್ಮನಿರಿ ಎಂದು ಕೈಯೆತ್ತಿದಳು. ಪೆಟ್ಟಿಗೆಯ ಬಾಯಿಗೆ ಒಂದು ಹುಳ ಬಂತು, ಅಂಚಿನ ಮೇಲೆ ಓಡಾಡಿ ಒಳಗೆ ಹೋಯಿತು. ಅಷ್ಟು ದೂರದಿಂದ ನಾನು ಅದರ ಮೀಸೆಯನ್ನೂ ಎಣಿಸಿದೆ. ಭಾವ ಏನೂ ಕಾಣಲಿಲ್ಲವೆನ್ನುತ್ತಾರೆ. ಆದರೆ ಅಕ್ಕನ ಭುಜ ಸಡಿಲಾದದ್ದು ಇಬ್ಬರಿಗೂ ಕಂಡಿತು. ಅವಳು ನೆಲದ ಮೇಲೆ ಕೂತು ಪೆಟ್ಟಿಗೆಗೆ ಒರಗಿದಳು. ಗೆಳತಿ ನೀರು ತಂದುಕೊಟ್ಟಳು.

“ಅಕ್ಕಾ, ಕೊಂಡಿ!” ಎಂದು ಕೂಗಿದೆ.

“ಶ್! ಈಗ ತಾನೆ ಹೊಸ ಜಾಗಕ್ಕೆ ಬಂದಿದಾವೆ. ಸ್ವಲ್ಪ ಹೊಂದಿಕೊಳ್ಳಲಿ ಕಣೋ,” ಎಂದು ಅವಳು ನಿಧಾನವಾಗಿ ನೀರು ಕುಡಿದಳು.