ಸಾಲ್ವೋರಳದ್ದೇ ಆದ ಒಂದು ವಾಕ್ಯ

ನಮ್ಮ ಐಸ್‌ಲ್ಯಾಂಡಿನಲ್ಲಿ ಯಾರೇ ಸತ್ತರೂ ಮನೆಯವರು ಪತ್ರಿಕೆಗೊಂದು ನೆನಪಿನ ಬರಹ ಕಳಿಸಬೇಕು. ಮಣ್ಣು ಮಾಡುವ ದಿನವೇ ಅದು ಅಚ್ಚಾಗುತ್ತದೆ, ಊರೆಲ್ಲ ಓದುತ್ತದೆ. ಬರಹ ಸಪ್ಪೆಯಾಗಿದ್ದರೆ ಚರ್ಚಿನಲ್ಲಿ ಮುಚ್ಚಿಕೊಂಡಿದ್ದ ಬಾಯಿಗಳು ಕಾಫಿಯ ಹೊತ್ತಿಗೆ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ನಮ್ಮ ಕೊಲ್ಲಿಯ ಊರಿನ ಬರಹಗಳೆಲ್ಲ ಮೊದಲು ನನ್ನ ಮೇಜಿಗೆ ಬರುತ್ತವೆ. ಮೂವತ್ತೆಂಟು ವರ್ಷ ಇಲ್ಲಿಯ ಶಾಲೆಯಲ್ಲಿ ಉಪಮೆ, ರೂಪಕ, ಅತಿಶಯೋಕ್ತಿ ಎಂದು ಮಕ್ಕಳ ತಲೆ ತಿಂದವಳು ನಾನು. ನಿವೃತ್ತಿಯಾದ ಮೇಲೆ ದೊಡ್ಡವರ ತಲೆ ತಿನ್ನುತ್ತಿದ್ದೇನೆ. ‘ಕೊನೆಯ ಯಾನಕ್ಕೆ ಹೊರಟಳು’ ಎಂದು ಯಾರಾದರೂ ಬರೆದು ತಂದರೆ, ಇದು ಹಳಸಿದ ಮಾತು, ಬೇರೆ ತನ್ನಿ ಎಂದು ಮುಖದ ಮೇಲೆಯೇ ಹೇಳುತ್ತೇನೆ.

ಮಾರ್ಚ್ ತಿಂಗಳ ಒಂದು ಮಂಗಳವಾರ ಕೇತಿಲ್ ಬಂದ. ಅರವತ್ತರ ಹತ್ತಿರದವನು, ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗಿ ಮೀನು ಹಿಡಿಯುವವನು, ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಂಡತಿ ಸಾಲ್ವೋರ್ ಹಿಂದಿನ ಶುಕ್ರವಾರ ತೀರಿಕೊಂಡಿದ್ದಳು.

“ಟೀಚರ್, ನನ್ನ ಕೈಲಿ ಬರೆಯೋಕಾಗ್ತಿಲ್ಲ. ನೀವೇ ಬರ್ಕೊಡಿ.”

“ಒಂದೆರಡು ಸಾಲಾದ್ರೂ ಗೀಚ್ಕೊಂಡು ಬರಬಾರದೇನೋ? ತಿದ್ದೋದು ನನ್ನ ಕೆಲ್ಸ, ಹೆರೋದಲ್ಲ.”

“ನಾನು ಬರೆದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಲ್ಲ,” ಎಂದ.

ಗೊತ್ತಿತ್ತು. ಹದಿಮೂರು ವರ್ಷದವನಿದ್ದಾಗ ಪ್ರಬಂಧದಲ್ಲಿ ‘ಮಂಜು ಮಂಜಿನ ಹಾಗೆಯೇ ಇತ್ತು’ ಎಂದು ಬರೆದಿದ್ದ. ನಾನು ಅದನ್ನು ಇಡೀ ತರಗತಿಗೆ ಓದಿ ಹೇಳಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕರು, ಆಮೇಲೆ ಎಷ್ಟೋ ವರ್ಷ ಅವನನ್ನು ‘ಮಂಜು’ ಎಂದೇ ಕರೆದರು. ನನಗೂ ಅಂದು ನಗು ಬಂದಿತ್ತು, ಸುಳ್ಳೇಕೆ ಹೇಳಲಿ. ಅಂದಿನಿಂದ ಅವನು ದೋಣಿಯ ದಿನಚರಿ ಬಿಟ್ಟು ಬೇರೇನೂ ಬರೆದಿರಲಿಲ್ಲ.

“ಪ್ರತಿ ಶನಿವಾರ ಪೇಪರ್ ಓದ್ತಾ ಅವಳು ನಗ್ತಿದ್ಲು ಟೀಚರ್. ‘ನೋಡು ಕೇತಿಲ್, ಈ ವಾರ ಸತ್ತಿರೋ ಆರು ಜನಾನೂ ಒಬ್ಬರೇ. ನಾನು ಹೋದ್ರೆ ನನ್ನನ್ನ ಎಲ್ಲರ ಥರ ಮಾಡ್ಬೇಡ’ ಅಂತಿದ್ಲು. ಆಸ್ಪತ್ರೆಲೂ ಅದನ್ನೇ ಅಂದ್ಲು. ನಾನು ಹೂಂ ಅಂದುಬಿಟ್ಟಿದೀನಿ. ಒಂದೇ ವಾಕ್ಯ ಸಾಕು. ಅವಳಿಗೆ ಮಾತ್ರ ಆಗೋ ಅಂಥದ್ದು, ಬೇರೆ ಯಾರಿಗೂ ಆಗಬಾರದು.”

“ಅವಳ ವಿಷ್ಯ ಏನಾದ್ರೂ ಹೇಳು, ನೋಡೋಣ.”

“ಏನು ಹೇಳ್ಲಿ? ಇದ್ಲು.”

“‘ಇದ್ಲು’ ಅಂತ ಪೇಪರಿಗೆ ಕಳ್ಸೋಕಾಗಲ್ಲ ಕಣೋ. ಹೋಗು, ಸಂಜೆ ಬಾ.”

ಇನ್ನೂ ನಾಲ್ಕು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಪೆನ್ನು ಹಿಡಿದು ಕೂತೆ, ಅರ್ಧ ಗಂಟೆಯಲ್ಲಿ ವಾಕ್ಯ ತಾನಾಗಿ ಬಂತು: ‘ದಡವು ನನ್ನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಅವಳು, ಹೊರಟಾಗ ಸಡಿಲ, ಮೈಮರೆತಾಗ ಬಿಗಿ.’ ಇಂಥ ರೂಪಕ ಕಲಿಸಲು ಬರುವುದಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸುತ್ತ ಒಂದು ಪುಟ ತುಂಬಿಸಿದೆ. ಸಂಜೆ ಕೇತಿಲ್ ತುಟಿಯಾಡಿಸುತ್ತ ಓದಿದ, ಆ ಸಾಲಿಗೆ ಬಂದಾಗ ಕಣ್ಣೊರೆಸಿಕೊಂಡ.

“ಇದು ಅವಳೇ,” ಎಂದ.

ಶನಿವಾರ ಮಣ್ಣಾಯಿತು. ಚರ್ಚಿನ ಸಭಾಂಗಣದಲ್ಲಿ ಹೊಗೆಯಾಡಿಸಿದ ಕುರಿಮಾಂಸದ ರೊಟ್ಟಿ, ಸಕ್ಕರೆ ಉದುರಿಸಿ ಸುತ್ತಿದ ದೋಸೆ, ಸಿಗಡಿ ಹರಡಿದ ಬ್ರೆಡ್ಡು ಎಲ್ಲ ಸಾಲಾಗಿ ಇಟ್ಟಿದ್ದರು. ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಅಂಚೆ ಕಚೇರಿಯ ಅಲ್ಡಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಬೆಳಿಗ್ಗೆ ಓದಿ ಅತ್ತೇಬಿಟ್ಟೆ ಟೀಚರ್. ನಮ್ಮಮ್ಮ ಹೋದಾಗ ಅಪ್ಪನ ಹೆಸರಲ್ಲಿ ನೀವು ಬರ್ಕೊಟ್ಟಿದ್ದೂ ಇದೇ ಮಾತಲ್ವಾ? ಕಟ್ಟು ಹಾಕ್ಸಿ ಗೋಡೆ ಮೇಲೆ ಇಟ್ಟಿದೀನಿ.” ಹಾಗೆಂದವಳು ದಡದಿಂದ ಬಿಗಿಯವರೆಗೆ ಒಂದಕ್ಷರ ತಪ್ಪದೆ ಹೇಳಿದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಕಾಫಿಯ ಜಗ್ಗು ಹಿಡಿದು ಕೇತಿಲ್ ನಮ್ಮ ಪಕ್ಕದಲ್ಲೇ ನಿಂತಿದ್ದ. ಅಲ್ಡಾಳ ಲೋಟ ತುಂಬಿಸಿ, ನನ್ನದನ್ನೂ ತುಂಬಿಸಿ ಮುಂದಕ್ಕೆ ಹೋದ.

ಮನೆಗೆ ಬಂದು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಒಂಬತ್ತು ವರ್ಷದ ಹಿಂದೆ ಅಲ್ಡಾಳ ತಾಯಿಗೆ ಅದೇ ವಾಕ್ಯ. ಅದಕ್ಕೂ ಐದು ವರ್ಷ ಹಿಂದೆ ಒಬ್ಬ ಕಪ್ತಾನನ ಹೆಂಡತಿಗೆ, ನನಗೆ ಕಂಡರಾಗದ ಜಂಬದ ಹೆಂಗಸಿಗೆ, ಅದೇ ವಾಕ್ಯ. ಮೂರು ಸಲವೂ ಅದು ಆಗತಾನೇ ಹುಟ್ಟಿತೆಂದು ನಾನು ಹಿಗ್ಗಿದ್ದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ಅದು ನಾನೇ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ನೆನಪು ಹೀಗೆ ಕೈಕೊಡುತ್ತಿದೆಯಲ್ಲ ಎಂಬ ಭಯವೂ ಹತ್ತಿಕೊಂಡಿತು.

ಮರುದಿನ ಬೆಳಿಗ್ಗೆ ಕೇತಿಲನ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

“ನಂಗೂ ಓದಿದಾಗ ಅವಳೇ ಅನ್ನಿಸ್ತಲ್ಲ ಟೀಚರ್. ಅಲ್ಡಾಳ ಅಮ್ಮ ನನ್ನ ಹೆಂಡ್ತಿ ಆಗಿದ್ರೂ ಹಾಗೇ ಅನ್ನಿಸ್ತಿತ್ತೇನೋ. ಅದೇ ಸಂಕಟ.”

“ಮುಂದಿನ ಶನಿವಾರದ ಪೇಪರಲ್ಲಿ ಇನ್ನೊಂದು ಬರಹ ಹಾಕ್ತಾರೆ. ಈ ಸಲ ನೀನೇ ಬರಿ. ನಾನು ಒಂದಕ್ಷರ ಮುಟ್ಟಲ್ಲ.”

ಅವನಿಗೆ ಮನಸ್ಸಿರಲಿಲ್ಲ. ನನ್ನ ಮಾತು ಮೀರಲಾಗದೆ ಪೆನ್ಸಿಲ್ ತಂದ. ಆ ದಪ್ಪ ಬೆರಳುಗಳಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಒಂದು ಸಾಲು ಬರೆದು ನನ್ನ ಕಡೆ ತಿರುಗಿಸಿದ. ‘ಅವಳ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು.’

ಎರಡು ಸಲ ಓದಿದೆ. ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದವಳು ಸಾಲ್ವೋರ್. ಅಲ್ಲಿ ದುಡಿದ ಹೆಂಗಸರ ಕೈ ಮನೆಗೆ ಬಂದರೂ ತಣ್ಣಗೇ ಇರುತ್ತದೆಂಬುದು ಊರಿಗೇ ಗೊತ್ತು. ಅವಳೊಬ್ಬಳ ಕೈ ಮಾತ್ರ ಹಾಗಿರಲಿಲ್ಲ ಎಂಬುದು ಇವನೊಬ್ಬನಿಗೆ ಗೊತ್ತು.

“ಯಾವುದರ ಥರ ಬೆಚ್ಚಗೆ ಅಂತ ಹಾಕ್ಲಿ ಟೀಚರ್?” ಎಂದು ಕೇಳಿದ.

“ಏನೂ ಹಾಕ್ಬೇಡ. ಇಷ್ಟೇ. ಅವಳು ಕೇಳಿದ ವಾಕ್ಯ ಇದೇ ಕೇತಿಲ್.”

ಅವನು ನನ್ನ ಮುಖವನ್ನೇ ನೋಡಿದ. “ಸಮಾಧಾನಕ್ಕೆ ಹೇಳ್ಬೇಡಿ. ಇಷ್ಟೇ ಬರೆದ್ರೆ ನಗ್ತಾರೆ.”

“ಯಾರೂ ನಗಲ್ಲ ಕಣೋ. ನನ್ನಾಣೆ.”

“ನನ್ನನ್ನ ನೋಡಿ ನಕ್ಕರೆ ನಗ್ಲಿ ಬಿಡಿ. ಅವಳ ಹೆಸರಿಟ್ಕೊಂಡು ನಗಬಾರದು.” ಆ ಸಾಲಿನ ಮೇಲೆ ಒಂದು ಗೀಟು ಎಳೆದ, ತರಗತಿಯಲ್ಲಿ ನಾನು ಎಳೆಯುತ್ತಿದ್ದಷ್ಟೇ ನೇರವಾಗಿ. ಚೆನ್ನಾಗಿದೆ ಎಂದು ಮತ್ತೆ ಹೇಳಿದೆ, ಇನ್ನೊಮ್ಮೆ ಹೇಳಿದೆ. ಅವನು ಹೂಂ ಹೂಂ ಎನ್ನುತ್ತಲೇ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದ.